ಇಂದಿನ ಧಮ್ಮ ಚಿಂತನೆ: ರಾತ್ರಿ ಸಂತೆಯಲ್ಲಿ ‘ನೀವು ನಮ್ಮೋರಾ?’



ಪಟ್ಟಣಕ್ಕೆ ಬಂದರೆ ಜಾತಿ ಹೋಗುತ್ತದೆ ಅನ್ನುವವರು ಮೊದಲು ತೋರಿಸುವ ಸಾಕ್ಷಿ ಬೀದಿ ಬದಿಯ ತಿಂಡಿ ಗಾಡಿ. “ಪಾನಿಪುರಿ ತಿನ್ನುವಾಗ ಯಾರಾದರೂ ಜಾತಿ ಕೇಳ್ತಾರಾ ಮೇಷ್ಟ್ರೇ?” ಎಂದು ಸ್ಟಾಫ್ ರೂಮಿನಲ್ಲಿ ನನ್ನನ್ನು ಕೇಳಿದವರಿಗೆ ಲೆಕ್ಕವಿಲ್ಲ. ಇವತ್ತು ಆ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ ಅನ್ನಿಸಿದೆ. ಬರಹ ಉದ್ದವಾಗಿದೆ, ಬೆಳಿಗ್ಗೆ ಬಸ್ಸಿನಲ್ಲಿ ಓದುವವರು ಅರ್ಧ ಓದಿ ಇಟ್ಟು, ಉಳಿದದ್ದನ್ನು ಸಂಜೆ ಓದಿ.

ನಮ್ಮ ಬೊಮ್ಮನಹಳ್ಳಿಯ ಸಂಜೆ ಸಂತೆ ನಿಮಗೆ ಗೊತ್ತೇ ಇದೆ. ಕೆಳಗೆ ಹೊಸೂರು ರಸ್ತೆ, ತಲೆಯ ಮೇಲೆ 2010ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿಯ ಮೇಲುರಸ್ತೆ, ಈಗ 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೋ. ಮೇಲೆ ಹೋಗುವವರಿಗೆ ಈ ಸಂತೆ ಕಾಣುವುದಿಲ್ಲ. ಇದು ಕೆಳಗೆ ನಡೆದು ಹೋಗುವವರ ಸಂತೆ. ಗಾರ್ವೇಭಾವಿಪಾಳ್ಯ, ಹೊಂಗಸಂದ್ರ, ರೂಪೇನ ಅಗ್ರಹಾರದ ಕಡೆಯ ಗಾರ್ಮೆಂಟ್ಸ್ ಬಿಟ್ಟ ಮೇಲೆ ಹೆಣ್ಣುಮಕ್ಕಳು ಊಟದ ಡಬ್ಬಿಯ ಚೀಲ ಹಿಡಿದು ಗುಂಪು ಗುಂಪಾಗಿ ಹೊರಗೆ ಬರುತ್ತಾರೆ. ಹಗಲಿಡೀ ಹೊಲಿಗೆ ಮೆಷಿನ್ ಮುಂದೆ ಕೂತವರಿಗೆ ಕೊಳ್ಳಲು ಸಿಗುವ ಹೊತ್ತು ಅದೊಂದೇ. ಹಾಗಾಗಿ ಸಂತೆಯೂ ಕತ್ತಲಾದ ಮೇಲೇ ಕಟ್ಟುತ್ತದೆ. ಗುಡ್ಡೆ ಹಾಕಿದ ಟೊಮೆಟೊ, ಬಾಡುವ ಮುಂಚೆ ಖಾಲಿಯಾಗಬೇಕಾದ ಸೊಪ್ಪು, ಹಗ್ಗಕ್ಕೆ ನೇತು ಹಾಕಿದ ನೈಟಿಗಳು, ಪ್ಲಾಸ್ಟಿಕ್ ಬಕೆಟ್ಟು, ಮೊಬೈಲ್ ಕವರ್, ಒಂದು ಕಡೆ ಮೀನು, ಇನ್ನೊಂದು ಕಡೆ ಗೋಬಿ ಮಂಚೂರಿ, ಎಗ್ ರೈಸ್. ಬ್ಯಾಟರಿಗೆ ಸಿಕ್ಕಿಸಿದ ಬಿಳಿ ಬಲ್ಬುಗಳ ಕೆಳಗೆ ಎಲ್ಲರ ಮುಖವೂ ಒಂದೇ ಬಣ್ಣ.

ಬ್ಯಾಂಕಾಕ್‌ಗೆ ಪ್ರವಾಸ ಹೋಗಿಬಂದ ನಮ್ಮ ಸಹೋದ್ಯೋಗಿಯೊಬ್ಬರು ಅಲ್ಲಿನ ರಾತ್ರಿ ಮಾರುಕಟ್ಟೆಯ ಫೋಟೋಗಳನ್ನು ಗ್ರೂಪಿಗೆ ಹಾಕಿದ್ದರು. “ಬೌದ್ಧರ ದೇಶ ನೋಡಿ, ಯಾರೂ ಯಾರನ್ನೂ ಯಾವ ಜನ ಅಂತ ಕೇಳಲ್ಲ” ಎಂದು ಕೆಳಗೆ ಬರೆದಿದ್ದರು. ಅವರಿಗೆ ಥಾಯ್ ಭಾಷೆ ಬರುವುದಿಲ್ಲ. ಕೇಳಿದ್ದರೂ ಗೊತ್ತಾಗುತ್ತಿರಲಿಲ್ಲ! ನಗುವ ಮಾತಲ್ಲ ಇದು. ನಮ್ಮ ಸಂತೆಯಲ್ಲೂ ಇದೇ ನಡೆಯುತ್ತದೆ. ಬಿಹಾರದಿಂದಲೋ ಉತ್ತರ ಪ್ರದೇಶದಿಂದಲೋ ಬಂದ ಪಾನಿಪುರಿ ಹುಡುಗನ ಜಾತಿಯನ್ನು ಯಾರೂ ಕೇಳುವುದಿಲ್ಲ, ನಿಜ. ಅದು ನಮ್ಮ ಉದಾರತೆಯಿಂದಲ್ಲ. ಅವನ ಊರಿನ ಹೆಸರು, ಮಾತಿನ ಧಾಟಿ, ಮನೆದೇವರು ಯಾವುದರಿಂದಲೂ ಅವನನ್ನು ಅಳೆಯಲು ನಮಗೆ ಬರುವುದಿಲ್ಲ. ನಮ್ಮ ಪಾಲಿಗೆ ಅವನು ಬರೀ ‘ಹಿಂದಿಯವನು’. ಮಳವಳ್ಳಿ, ಕನಕಪುರದ ಕಡೆಯಿಂದ ಬಂದ ಹೆಂಗಸು ಬಾಯಿ ಬಿಟ್ಟರೆ ಸಾಕು, ಅರ್ಧ ಕತೆ ಗೊತ್ತಾಗಿಬಿಡುತ್ತದೆ. ಉಳಿದರ್ಧಕ್ಕೆ ಪ್ರಶ್ನೆಗಳಿವೆ. “ಯಾವೂರಮ್ಮ?” “ಊರೊಳಗೋ, ಆಚೆಗೋ?” “ಮನೆದೇವ್ರು ಯಾವ್ದು?” ಕೊನೆಗೆ ತುಂಬ ಪ್ರೀತಿಯಿಂದ, “ನೀವು ನಮ್ಮೋರಾ?”

ಹಳೇ ಮೈಸೂರು ಸೀಮೆಯಲ್ಲಿ ಹುಟ್ಟಿದವರಿಗೆ ಈ ‘ನಮ್ಮೋರಾ’ ಎಂಬ ಮಾತಿನ ತೂಕ ವಿವರಿಸಬೇಕಾಗಿಲ್ಲ. ಕನ್ನಡದಲ್ಲಿ ಇಷ್ಟು ಆಪ್ತವಾದ ಮಾತು ಇನ್ನೊಂದಿಲ್ಲ, ಇಷ್ಟು ಹೆದರಿಸುವ ಮಾತೂ ಇಲ್ಲ. ಪರದೇಶಿಗೆ ಸಿಗುವ ಮರೆ ಸ್ವಂತ ನಾಡಿನವರಿಗೆ ಸಿಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬಳಗದ ಒಬ್ಬ ಅಕ್ಕ ಈ ಸಂತೆಯಲ್ಲಿ ಬಜ್ಜಿ, ಬೋಂಡ ಮಾಡಿ ಮಾರುತ್ತಾರೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಈ ಸಂದೇಶ ಎಲ್ಲೆಲ್ಲಿಗೋ ಹೋಗುವುದರಿಂದ ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. (ಇದೂ ಸುಳ್ಳಲ್ಲವೇ ಎಂದು ಕೇಳುವವರಿಗೆ: ಬದಲಿಸಿದ್ದೇನೆಂದು ಮೊದಲೇ ಹೇಳಿದ್ದೇನೆ.) ಹನ್ನೆರಡು ವರ್ಷ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವರು. ಬೆನ್ನು ನೋವು ಬಂದು ಬಿಟ್ಟರು. ಬಂದ ಪಿ.ಎಫ್. ದುಡ್ಡಿನಲ್ಲಿ ಗಾಡಿ ಮಾಡಿಸಿಕೊಂಡರು. ಮೂರು ವರ್ಷದ ಹಿಂದೆ ಅಕ್ಟೋಬರ್ 14ರಂದು ಮಗಳ ಜೊತೆ ದೀಕ್ಷೆ ಪಡೆದರು. ಗಾಡಿಯ ಗಲ್ಲಾ ಡಬ್ಬಿಯ ಮುಚ್ಚಳದ ಒಳಬದಿಗೆ ಬಾಬಾಸಾಹೇಬರ ಸಣ್ಣ ಫೋಟೋ ಅಂಟಿಸಿದ್ದಾರೆ. ಚಿಲ್ಲರೆ ಕೊಡುವಾಗೆಲ್ಲ ಅವರಿಗೆ ಕಾಣುತ್ತದೆ, ಗಿರಾಕಿಗಳಿಗೆ ಕಾಣುವುದಿಲ್ಲ.

ಯಾರೋ ಒಬ್ಬ ಗಿರಾಕಿ, ದಿನಾ ಬರುವ ಹೆಂಗಸು, “ನೀವು ನಮ್ಮೋರಾ?” ಎಂದು ಕೇಳಿದಾಗ ಈ ಅಕ್ಕ “ಹ್ಞೂಂ, ಗೌಡ್ರು” ಅಂದುಬಿಟ್ಟರು. ಒಂದು ಸಲ ಅಂದಮೇಲೆ ಅದನ್ನು ಸಾಕಬೇಕಲ್ಲ. ಊರಿನ ಹೆಸರು ಬದಲಾಯಿತು, ಮನೆದೇವರು ಬದಲಾಯಿತು. ಗಾಡಿ ಹತ್ತಿರ ಜೈಭೀಮ್ ಅನ್ನಬಾರದೆಂದು ಮಗಳಿಗೆ ತಾಕೀತಾಯಿತು. ಒಂಬತ್ತನೇ ತರಗತಿಯ ಆ ಹುಡುಗಿ ಗಾಡಿಗೆ ಬರುವುದನ್ನೇ ನಿಲ್ಲಿಸಿದಳು. ಈರುಳ್ಳಿ ಹೆಚ್ಚಿಕೊಡಲು ಯಾರೂ ಇಲ್ಲದೆ ಅಕ್ಕನಿಗೆ ಕಷ್ಟವಾಯಿತು. ಒಂದು ಭಾನುವಾರ ಪಂಚಶೀಲ ಹೇಳಿ ಮುಗಿಸಿದ ಮೇಲೆ ಹುಡುಗಿ ಎದ್ದು ಎಲ್ಲರ ಮುಂದೆ ಕೇಳಿದಳು: “ನಾವು ವಾರ ವಾರ ಸುಳ್ಳು ಹೇಳಲ್ಲ ಅಂತ ಹೇಳ್ತೀವಿ. ಅಮ್ಮ ದಿನಾ ಹೇಳ್ತಾಳೆ. ಯಾವುದನ್ನ ಬಿಡಬೇಕು ಸಾರ್?” ಅಮ್ಮ ಅಲ್ಲೇ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಅವತ್ತು ಮೂರು ಉತ್ತರ ಬಂದವು. ಮೂರೂ ನನಗೆ ಪೂರ್ತಿ ಹಿಡಿಸಲಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಅಣ್ಣ ಹೇಳಿದ್ದು: ಜಾತಿಯೇ ಸುಳ್ಳು, ಸುಳ್ಳು ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟರೆ ಏನೂ ಮುರಿಯುವುದಿಲ್ಲ. ಚುರುಕಾದ ಮಾತು, ಕೂತವರು ನಕ್ಕರು. ಆದರೆ ಮುಸಾವಾದಕ್ಕೆ ಅಟ್ಠಕಥೆಗಳು ಹೇಳುವ ಲಕ್ಷಣಗಳನ್ನು ನೋಡಿ: ವಿಷಯ ನಿಜವಲ್ಲದ್ದಾಗಿರಬೇಕು, ನಂಬಿಸುವ ಉದ್ದೇಶವಿರಬೇಕು, ಅದಕ್ಕೆ ಮಾಡಿದ ಪ್ರಯತ್ನವಿರಬೇಕು, ಕೇಳಿದವರಿಗೆ ಅದು ಅರ್ಥವಾಗಿರಬೇಕು. ಅಕ್ಕನ ಮಾತಿನಲ್ಲಿ ನಾಲ್ಕೂ ಇವೆ. ಅಲ್ಲದೆ ‘ಗೌಡ್ರು’ ಅನ್ನುವ ಮಾತು ಬರೀ ಸುಳ್ಳಲ್ಲ. ಗೌಡರ ಕೈಯಾದರೆ ಎಣ್ಣೆ ಶುದ್ಧ, ನಮ್ಮ ಕೈಯಾದರೆ ಅಲ್ಲ ಎಂಬ ಲೆಕ್ಕವನ್ನು ಅದು ಒಪ್ಪಿಕೊಂಡ ಹಾಗೆ. ಹುಡುಗಿಯ ಸಿಟ್ಟು ಅಲ್ಲಿದೆ.

ನಿವೃತ್ತರಾದ ಹಿರಿಯರೊಬ್ಬರು ಹೇಳಿದ್ದು: ಫೋಟೋವನ್ನು ಡಬ್ಬಿಯಿಂದ ತೆಗೆದು ಗಾಡಿಯ ಮುಂದೆ ಹಾಕಲಿ, ನೀಲಿ ಬಣ್ಣದ ಬೋರ್ಡ್ ಬರೆಸಲಿ, ಏನಾಗುತ್ತೋ ನೋಡೇಬಿಡೋಣ. ಹಿರಿಯರ ಧೈರ್ಯಕ್ಕೆ ಶರಣು. ಅವರು ಒಂದು ಕಾಲದಲ್ಲಿ ಊರ ಬಾವಿಗಾಗಿ ಏಟು ತಿಂದವರು, ಮಾತಿನಲ್ಲಿ ಪೊಳ್ಳಿಲ್ಲ. ಆದರೆ ಅವರಿಗೆ ಪಿಂಚಣಿ ತಿಂಗಳ ಮೊದಲ ವಾರ ಬರುತ್ತದೆ. ನನಗೂ ಸಂಬಳ ಬರುತ್ತದೆ, ಕನ್ನಡ ಪಾಠ ಮಕ್ಕಳಿಗೆ ಹಿಡಿಸಲಿ ಬಿಡಲಿ. ಕಲಸಿದ ಕಡಲೆಹಿಟ್ಟು ರಾತ್ರಿ ಹತ್ತಕ್ಕೆ ಉಳಿದರೆ ಆ ನಷ್ಟ ಅಕ್ಕನದು. ಇನ್ನೊಬ್ಬರ ಒಲೆಯ ಮೇಲೆ ನಮ್ಮ ಧೈರ್ಯ ಬೇಯಿಸಬಾರದು. ನಮ್ಮಲ್ಲಿ ಎಷ್ಟು ಜನ ಬಾಡಿಗೆ ಮನೆ ಹುಡುಕುವಾಗ ಓನರ್ ಕೇಳಿದ ಪ್ರಶ್ನೆಯನ್ನು ‘ನಾವು ಟೀಚರ್’, ‘ನಾವು ವೆಜ್’ ಎಂದು ತೇಲಿಸಿ ಬಂದಿದ್ದೇವೆ ಎಂಬುದನ್ನು ಅವರವರೇ ನೆನಪು ಮಾಡಿಕೊಳ್ಳಲಿ.

ಮೂರನೆಯದು ಒಬ್ಬ ಯುವಕನ ಸಲಹೆ: “ನಾವು ಬೌದ್ಧರು” ಅನ್ನಲಿ. ನಿಜವೂ ಹೌದು, ಶೀಲವೂ ಉಳಿಯಿತು. ಇದು ಒಳ್ಳೆಯದೇ. ಅಕ್ಕ ಮಾತ್ರ ಅಲ್ಲಿಯವರೆಗೆ ಸುಮ್ಮನಿದ್ದವರು ಆಗ ಬಾಯಿ ಬಿಟ್ಟರು. “ಅಂಗಂದ್ರೆ ಮುಂದಿನ ಮಾತು ಬತ್ತದೆ ಕಣಪ್ಪ. ಅದ್ಕೂ ಮುಂಚೆ ಏನಾಗಿದ್ರಿ ಅಂತಾರೆ.”

ಬಾಬಾಸಾಹೇಬರ ಬದುಕಿನಲ್ಲಿ ಇದಕ್ಕೆ ಹತ್ತಿರದ ಒಂದು ಘಟನೆ ಇದೆ. ನಮ್ಮ ಸಭೆಗಳಲ್ಲಿ ಅದನ್ನು ಅನ್ಯಾಯದ ಕತೆಯಾಗಿ ಹೇಳುತ್ತೇವೆ. ಅದರೊಳಗಿರುವ ಸುಳ್ಳಿನ ಬಗ್ಗೆ ಮಾತಾಡುವುದು ಕಡಿಮೆ. 1917. ಅಮೆರಿಕ, ಇಂಗ್ಲೆಂಡ್‌ನಲ್ಲಿ ಓದಿ ಬಂದವರು ವಿದ್ಯಾರ್ಥಿವೇತನದ ಕರಾರಿನಂತೆ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದರು. ಉಳಿಯಲು ಜಾಗವಿಲ್ಲ. ಹಿಂದೂ ಹೋಟೆಲಿನವರು ತಮ್ಮನ್ನು ಸೇರಿಸುವುದಿಲ್ಲ ಎಂಬುದು ಗೊತ್ತಿತ್ತು. ಒಂದು ಪಾರ್ಸಿ ವಸತಿಗೃಹಕ್ಕೆ ಹೋದರು. ಅದು ಪಾರ್ಸಿಗಳಿಗೆ ಮಾತ್ರ. ನೋಡಿಕೊಳ್ಳುವವನಿಗೆ ಇವರು ಪಾರ್ಸಿಯಲ್ಲ ಎಂಬುದು ತಿಳಿದುಹೋಯಿತು. ಕೊನೆಗೆ ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಸುವ ಒಪ್ಪಂದಕ್ಕೆ ಇಬ್ಬರೂ ಬಂದರು. ಮಹಡಿಯ ಮೇಲೆ ಒಬ್ಬರೇ ಇದ್ದರು, ರಾತ್ರಿ ಒಂದು ಸಣ್ಣ ಲಾಂದ್ರದ ಬೆಳಕು. ಹನ್ನೊಂದನೆಯ ದಿನ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಂದು ನಿಂತರು. ಅಂದೇ ಜಾಗ ಬಿಡಬೇಕಾಯಿತು. ಒಬ್ಬ ಹಿಂದೂ ಸ್ನೇಹಿತ, ಒಬ್ಬ ಕ್ರೈಸ್ತ ಸ್ನೇಹಿತ, ಇಬ್ಬರಲ್ಲೂ ಜಾಗ ಸಿಗಲಿಲ್ಲ. ಕಾಮಾಠಿ ಬಾಗ್ ಎಂಬ ಉದ್ಯಾನದಲ್ಲಿ ಹೊತ್ತು ಕಳೆದು ರಾತ್ರಿಯ ರೈಲಿಗೆ ಮುಂಬೈಗೆ ಹೊರಟರು.

‘ವೇಯ್ಟಿಂಗ್ ಫಾರ್ ಎ ವೀಸಾ’ದಲ್ಲಿ ಇದನ್ನು ಬರೆಯುವಾಗ ಬಾಬಾಸಾಹೇಬರು ತಮ್ಮ ಪರ ವಕಾಲತ್ತು ಮಾಡಿಕೊಳ್ಳುವುದಿಲ್ಲ. ಬೇರೆ ವೇಷದಲ್ಲಿ ಇದ್ದದ್ದು ವಂಚನೆಯೇ ಎಂದು ಒಪ್ಪುತ್ತಾರೆ. ದೊಣ್ಣೆಯವರ ಪ್ರಶ್ನೆಗಳಿಗೆ ಮೌನವಾಗಿ ನಿಂತೆ ಎನ್ನುತ್ತಾರೆ. ಹಾಗಂತ ಆ ಹೆಸರು ಬರೆಸಿದ್ದಕ್ಕೆ ಕಣ್ಣೀರಿಟ್ಟು ಕ್ಷಮೆ ಬೇಡುವುದೂ ಇಲ್ಲ. ಸುಳ್ಳನ್ನು ಸುಳ್ಳು ಎಂದೇ ಕರೆದರು, ಆ ಸುಳ್ಳಿಗೆ ದೂಡಿದ ಊರನ್ನೂ ಅದರ ಹೆಸರಿನಿಂದಲೇ ಕರೆದರು. ಎರಡನ್ನೂ ಒಟ್ಟಿಗೆ ಹೇಳುವುದು ಕಷ್ಟ. ನಮ್ಮ ಸಭೆಯಲ್ಲಿ ಬ್ಯಾಂಕಿನ ಅಣ್ಣ ಎರಡನೆಯದನ್ನು ಮಾತ್ರ ಹೇಳಿದರು, ಹಿರಿಯರು ಮೊದಲನೆಯದನ್ನು ಮಾತ್ರ.

ಇನ್ನು ಬುದ್ಧ ಗುರು. ಸುತ್ತನಿಪಾತದಲ್ಲಿ ಸುಂದರಿಕ ನದಿಯ ದಡದ ಒಂದು ಪ್ರಸಂಗ ಬರುತ್ತದೆ. ಅದೂ ಊಟದ ವಿಷಯವೇ. ಬ್ರಾಹ್ಮಣನೊಬ್ಬ ಹೋಮ ಮುಗಿಸಿ, ಉಳಿದ ಅನ್ನವನ್ನು ಯಾರಿಗೆ ಕೊಡಲಿ ಎಂದು ಸುತ್ತ ನೋಡುತ್ತಾನೆ. ತಲೆಗೆ ಮುಸುಕು ಹಾಕಿ ಕೂತ ಬುದ್ಧ ಕಾಣುತ್ತಾರೆ. ಹತ್ತಿರ ಬಂದು ಕೇಳುವುದು ಇದನ್ನೇ, ನೀವು ಯಾವ ಜಾತಿ? ಬುದ್ಧರು ಹುಟ್ಟನ್ನು ಬಿಟ್ಟು ನಡತೆಯನ್ನು ಕೇಳು ಎನ್ನುತ್ತಾರೆ. ಯಾವ ಕಟ್ಟಿಗೆಯಿಂದ ಹುಟ್ಟಿದರೂ ಬೆಂಕಿ ಬೆಂಕಿಯೇ ಅಲ್ಲವೇ ಎನ್ನುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಅವರು ಹೇಳದೆ ಬಿಟ್ಟ ಮಾತು. ಕ್ಷತ್ರಿಯ ಎಂದಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ, ಅನ್ನವೂ ಸಿಗುತ್ತಿತ್ತು. ಆ ಲಾಭವನ್ನು ಅವರು ಮುಟ್ಟಲಿಲ್ಲ.

ಪ್ರಶ್ನೆಗಳಲ್ಲಿ ನಾಲ್ಕು ಬಗೆ ಎಂದು ಅಂಗುತ್ತರ ನಿಕಾಯದಲ್ಲಿದೆ. ನೇರವಾಗಿ ಉತ್ತರಿಸಬೇಕಾದದ್ದು, ಬಿಡಿಸಿ ಉತ್ತರಿಸಬೇಕಾದದ್ದು, ತಿರುಗಿ ಪ್ರಶ್ನೆ ಕೇಳಿ ಉತ್ತರಿಸಬೇಕಾದದ್ದು, ಪಕ್ಕಕ್ಕಿಡಬೇಕಾದದ್ದು. ‘ನೀವು ನಮ್ಮೋರಾ’ ಎಂಬುದಕ್ಕೆ ಮೂರನೆಯದೋ ನಾಲ್ಕನೆಯದೋ ಸರಿ ಎಂದು ನನಗೆ ತೋರುತ್ತದೆ. “ಯಾಕಮ್ಮ, ಬಜ್ಜಿ ರುಚಿ ಇಲ್ವಾ?” ಎಂದರೆ ತಿರುಗಿ ಕೇಳಿದಂತಾಯಿತು. ನಕ್ಕು ಮುಂದಿನ ಬೋಂಡ ಎಣ್ಣೆಗೆ ಬಿಟ್ಟರೆ ಪಕ್ಕಕ್ಕಿಟ್ಟಂತಾಯಿತು. ಇಲ್ಲಿ ಸುಳ್ಳಿಲ್ಲ, ತನ್ನನ್ನು ಹರಾಜಿಗಿಡುವುದೂ ಇಲ್ಲ. ಸತ್ಯ ಹೇಳುವುದು ಬೇರೆ, ಕೇಳಿದವರಿಗೆಲ್ಲ ಲೆಕ್ಕ ಒಪ್ಪಿಸುವುದು ಬೇರೆ. ಮುಸಾವಾದದ ಶೀಲ ಮೊದಲನೆಯದನ್ನು ಬೇಡುತ್ತದೆ, ಎರಡನೆಯದನ್ನು ಬೇಡುವುದಿಲ್ಲ.

ಆದರೆ ಇದನ್ನು ಬರೆಯುವಷ್ಟು ಸುಲಭವಾಗಿ ಗಾಡಿಯ ಹಿಂದೆ ನಿಂತು ಮಾಡಲಾಗುವುದಿಲ್ಲ. ರಾಜಕುಮಾರನಾಗಿ ಹುಟ್ಟಿದವರು ಹುಟ್ಟು ಹೇಳದಿದ್ದರೆ ಕೇಳಿದವರಿಗೆ ಕುತೂಹಲ ಹೆಚ್ಚುತ್ತದೆ. ನಮ್ಮ ಅಕ್ಕ ಹೇಳದಿದ್ದರೆ ಅನುಮಾನ ಹೆಚ್ಚುತ್ತದೆ. ಈ ಊರಲ್ಲಿ ಅಯ್ಯಂಗಾರ್ ಬೇಕರಿ ಇದೆ, ಲಿಂಗಾಯತ ಖಾನಾವಳಿ ಇದೆ, ಗೌಡ್ರ ಮುದ್ದೆ ಹೋಟೆಲ್ ಇದೆ. ಜಾತಿಯ ಹೆಸರು ಅಲ್ಲಿ ರುಚಿಯ ಗ್ಯಾರಂಟಿ. ನಮ್ಮ ಹೆಸರು ಹಾಕಿದ ಒಂದು ಬೋರ್ಡ್ ಹೊಸೂರು ರಸ್ತೆಯಲ್ಲಿ ನನಗೆ ಕಂಡಿಲ್ಲ. ಇಂಥ ಪೇಟೆಯಲ್ಲಿ ಮೌನವೂ ಅರ್ಧ ಉತ್ತರ.

ಕಾನೂನು ಏನು ಹೇಳುತ್ತದೆ ಎಂದು ಕೆಲವರು ಕೇಳಿದ್ದರು. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲುಗಳಿಗೆ ನಮ್ಮ ಪ್ರವೇಶವನ್ನು ತಡೆಯಬಾರದು ಎನ್ನುತ್ತದೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಈ ‘ಅಂಗಡಿ’ ಎಂಬ ಪದದ ಬಗ್ಗೆ ಚರ್ಚೆ ಬಂದಾಗ, ಸೇವೆ ಕೊಡಲು ಕೂತ ಯಾವ ಜಾಗವೂ ಅದರಲ್ಲಿ ಬರುತ್ತದೆ ಎಂದು ಬಾಬಾಸಾಹೇಬರು ಆ ಪದವನ್ನು ಹಿಗ್ಗಿಸಿದರು. ಅಂದರೆ ನಾವು ಗಿರಾಕಿಗಳಾಗಿ ಹೋಗುವ ಹಕ್ಕು ಭದ್ರವಾಯಿತು. ನಾವು ಅಂಗಡಿಯವರಾದರೆ? ವ್ಯಾಪಾರಕ್ಕೆ ಅಡ್ಡಿ ಮಾಡುವುದು, ಆರ್ಥಿಕ ಬಹಿಷ್ಕಾರ ಹಾಕುವುದು ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿಯಲ್ಲಿ ಅಪರಾಧ, 2016ರ ಜನವರಿ 26ರಿಂದ ಅದು ಜಾರಿಯಲ್ಲಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ಸಮೀಕ್ಷೆ ಮುಗಿಯುವವರೆಗೆ ಇರುವ ವ್ಯಾಪಾರಿಯನ್ನು ಎಬ್ಬಿಸಬಾರದು ಎನ್ನುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು, ಪರಿಶಿಷ್ಟರಿಗೂ ಪ್ರಾತಿನಿಧ್ಯ ಬೇಕು ಎಂದೂ ಇದೆ. ಗಾಡಿ ಇಟ್ಟವರು ಇದನ್ನು ತಿಳಿದಿರಬೇಕು. ಆದರೆ ಯಾವ ಜನ ಎಂದು ತಿಳಿದ ಮೇಲೆ ಗಿರಾಕಿ ಮಾತಾಡದೆ ಎರಡು ಹೆಜ್ಜೆ ಸರಿದು ಪಕ್ಕದ ಗಾಡಿಗೆ ಹೋದರೆ? ಆ ಎರಡು ಹೆಜ್ಜೆಗೆ ಯಾವ ಸೆಕ್ಷನ್ನೂ ಇಲ್ಲ.

ಅಕ್ಕ ಇನ್ನೊಂದು ಮಾತು ಹೇಳಿದರು. 2016ರ ಏಪ್ರಿಲ್ 18, 19 ನೆನಪಿದೆಯಲ್ಲ. ಪಿ.ಎಫ್. ಹಣ ತೆಗೆಯಲು ಬಿಡದ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇದೇ ಹೊಸೂರು ರಸ್ತೆಗೆ ಇಳಿದರು. 19ರಂದೇ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಅಕ್ಕನೂ ಅವತ್ತು ರಸ್ತೆಯಲ್ಲಿದ್ದರು, ಈ ಗಾಡಿ ಆ ದುಡ್ಡಿನದೇ. “ಅವತ್ತು ಓಡೋವಾಗ ಕೈ ಹಿಡ್ಕೊಂಡೋಳು ಯಾವ ಜನ ಅಂತ ಯಾರೂ ಕೇಳ್ಲಿಲ್ಲ ಮೇಷ್ಟ್ರೇ. ಬಜ್ಜಿ ತಿನ್ನೋವಾಗ ಕೇಳ್ತಾರೆ.” ಕೆಲಸದ ಜಾಗದಲ್ಲಿ ಪಕ್ಕಪಕ್ಕ ಕೂರಬಹುದು, ರಸ್ತೆಯಲ್ಲಿ ಜೊತೆಗೆ ಓಡಬಹುದು. ಬಾಯಿಗೆ ಹಾಕುವ ವಿಷಯ ಬಂದಾಗ ಊರು ಎದ್ದು ಬರುತ್ತದೆ. ಬಿಸಿಯೂಟದ ಅಡುಗೆಯವರ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದುವ ನಮಗೆ ಇದು ಹೊಸದಲ್ಲ.

ಆನಂದರಿಗೆ ನೀರು ಕೊಟ್ಟ ಪ್ರಕೃತಿಯ ಕತೆ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಓದಿದ್ದೀರಿ. ಆನಂದರು ಕೇಳಿದ್ದು ನೀರು. ಅವಳು ತಾನಾಗಿ, ಹೆದರಿ, ತನ್ನ ಹುಟ್ಟನ್ನು ಹೇಳಿಕೊಂಡಳು. ನಾನು ಕೇಳಿದ್ದು ನೀರು, ನಿನ್ನ ಜಾತಿಯಲ್ಲ ಎಂಬರ್ಥದ ಮಾತನ್ನು ಆನಂದರು ಆಡಿದರು. ಅಲ್ಲಿ ಹುಡುಗಿಯ ಹೆದರಿಕೆ ಬಿಡಿಸಿದ್ದು ಗಿರಾಕಿ, ಬಾಯಾರಿ ಬಂದವನು. ಹೀಗೆ ಯೋಚಿಸಿದರೆ ಹುಡುಗಿ ಕೇಳಿದ ಪ್ರಶ್ನೆಯ ಹೊರೆ ಅಮ್ಮನೊಬ್ಬಳ ಮೇಲೆ ಬೀಳಬಾರದು. ಶೀಲ ಎಂಬುದು ಅಪ್ಪಣೆಯಲ್ಲ, ಸಿಕ್ಖಾಪದ, ಅಂದರೆ ಅಭ್ಯಾಸದ ಹೆಜ್ಜೆ. ಅಕ್ಕ ಆ ಹೆಜ್ಜೆಯಲ್ಲಿ ಹಿಂದೆ ಬಿದ್ದಿದ್ದಾರೆ, ಇದನ್ನು ಅವರೇ ಒಪ್ಪುತ್ತಾರೆ. ಮೆಟ್ಟಿಲು ಕಿತ್ತುಹಾಕಿದವರು ಬೇರೆ ಕಡೆ ಇದ್ದಾರೆ ಎಂಬುದನ್ನು ಹುಡುಗಿಗೆ ಹೇಳಬೇಕಾದದ್ದು ನಮ್ಮ ಕೆಲಸ.

ಹುಡುಗಿಗೆ ನಾನು ಹೇಳಿದ್ದು ಇಷ್ಟು. ಅಮ್ಮ ಹೇಳಿದ್ದು ಸುಳ್ಳು, ನೀನು ಕಂಡದ್ದು ಸರಿ. ನಿನ್ನ ಸ್ಕಾಲರ್‌ಶಿಪ್ ಅರ್ಜಿಯ ಜಾತಿ ಪ್ರಮಾಣಪತ್ರಕ್ಕಾಗಿ ಕಚೇರಿಯ ಕಟ್ಟೆಯಲ್ಲಿ ಅರ್ಧ ದಿನ ನಿಂತು ನಿಜ ಬರೆಸಿದವರೂ ಅದೇ ಅಮ್ಮ. ಯಾವ ಬೆಳಕಿನಲ್ಲಿ ಯಾವ ಮಾತು ಆಡಬೇಕೆಂಬುದನ್ನು ಅವರಿಗೆ ಆಯ್ಕೆ ಮಾಡಲು ಬಿಟ್ಟವರು ಯಾರೂ ಇಲ್ಲ. ಹುಡುಗಿ ಒಪ್ಪಿದಳು ಅನ್ನಲಾರೆ. “ಹಂಗಾದ್ರೆ ನಾನು ಗಾಡಿ ಹತ್ರ ನಿಂತಾಗ ಯಾರಾದ್ರೂ ಕೇಳಿದ್ರೆ ನಾನು ನಿಜ ಹೇಳ್ತೀನಿ” ಎಂದಳು. ಅಮ್ಮ ಬೇಡ ಅನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಶನಿವಾರದಿಂದ ಈರುಳ್ಳಿ ಹೆಚ್ಚಲು ಬರುತ್ತಿದ್ದಾಳೆ. ಇನ್ನೂ ಯಾರೂ ಕೇಳಿಲ್ಲವಂತೆ.

ಈಗ ಒಂದು ಪ್ರಾರ್ಥನೆ. ನಮ್ಮ ಬಳಗದ ತಮ್ಮನೊಬ್ಬ ಕಳೆದ ತಿಂಗಳು ಬೈಕಿನಲ್ಲಿ ಹೋಗುತ್ತಾ ಗಾಡಿಯ ಕಡೆ ಕೈಯೆತ್ತಿ “ಜೈಭೀಮ್ ಅಕ್ಕಾ!” ಎಂದು ಕೂಗಿದ್ದಾನೆ. ಅಭಿಮಾನದಿಂದಲೇ ಕೂಗಿದ್ದು. ಗಾಡಿಯ ಮುಂದೆ ಆಗ ನಾಲ್ಕೈದು ಜನ ಇದ್ದರು. ಆ ರಾತ್ರಿ ಅಕ್ಕನಿಗೆ ನಿದ್ದೆ ಬಂದಿಲ್ಲ. ಹೇಳಬೇಕೋ ಬೇಡವೋ, ಹೇಳಿದರೆ ಯಾವಾಗ, ಅದು ಅವರ ಹಕ್ಕು. ಗಾಡಿ ಗೊತ್ತಿರುವವರು ಮನೆಯವರನ್ನು, ಮಕ್ಕಳನ್ನು ಕರೆದುಕೊಂಡು ಹೋಗಿ, ನಿಂತು ತಿನ್ನಿ. ಚೌಕಾಸಿ ಬೇಡ. ಅವರಾಗಿ ಜೈಭೀಮ್ ಅಂದರೆ ನೀವೂ ಅನ್ನಿ.

ಬರುವ ಭಾನುವಾರ ವಂದನೆಯ ನಂತರ ‘ವೇಯ್ಟಿಂಗ್ ಫಾರ್ ಎ ವೀಸಾ’ದ ಬರೋಡಾ ಭಾಗವನ್ನು ಓದುತ್ತೇವೆ. ಹುಡುಗಿ ಗಟ್ಟಿಯಾಗಿ ಓದುತ್ತಾಳೆ, ಅಕ್ಕ ಕೇಳಲು ಬರುತ್ತೇನೆ ಎಂದಿದ್ದಾರೆ. ಪುಸ್ತಕ ಇರುವವರು ತನ್ನಿ. ಹಿರಿಯರಿಗೆ ಕುರ್ಚಿ ಸಾಲದು, ಮನೆಯಲ್ಲಿ ಇರುವವರು ಒಂದೆರಡು ಕಳಿಸಿಕೊಡಿ.

ಭವತು ಸಬ್ಬ ಮಂಗಲಂ. ಜೈಭೀಮ್.